ಅಘನಾಶಿನಿಯ ತಳಜೀವಿಗಳಿಗೆ ನೋಡಿಯೇ ಅಂಕ ಕೊಟ್ಟ ಬಗೆ: ನನ್ನ ಅನುಭವ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ತಳಜೀವಿಗಳ (ಕೆಸರಿನಲ್ಲಿ ಬದುಕುವ ಹುಳು, ಏಡಿ, ಚಿಪ್ಪುಜೀವಿಗಳ) ಬಗ್ಗೆ ಇನ್ನೊಂದು ಪ್ರಭೇದಪಟ್ಟಿ ಬರೆಯುವ ಬದಲು, ಅವು ಕೆಸರಿನಲ್ಲಿ ಮಾಡುವ ಕೆಲಸವನ್ನೇ ಲೆಕ್ಕ ಹಾಕುತ್ತೇನೆ ಎಂದಾಗ ಜೊತೆಯವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿತ್ತು. ಕೆಸರು ಕದಡುವ ಗುಣಕ್ಕೆ ಅಂಕ ಕೊಡುವ 2013ರ ಪ್ರಸಿದ್ಧ ಕೋಷ್ಟಕ ಸಿದ್ಧವಾದದ್ದು ಯುರೋಪಿನ ಸಾವಿರ ಚಿಲ್ಲರೆ ಜೀವಿಗಳಿಗಾಗಿ. ಮುಂಗಾರಿನಲ್ಲಿ ಉಪ್ಪಿನಂಶವೇ ಕುಸಿದುಹೋಗುವ ನಮ್ಮ ಅಳಿವೆಗೆ ಅದನ್ನು ಹಾಗೆಯೇ ಹಚ್ಚಿದರೆ ಬರುವ ಸಂಖ್ಯೆಯನ್ನು ಯಾರು ನಂಬಬೇಕು? ಅದಕ್ಕಾಗಿಯೇ ನಾನು ಅಂಕಗಳನ್ನು ಎರವಲು ತರದೆ, ಜೀವಿಗಳನ್ನು ಗಾಜಿನ ಹಿಂದೆ ಇಟ್ಟು, ನೋಡಿಯೇ ಕೊಡಲು ನಿರ್ಧರಿಸಿದೆ.

ತಳದ ಕೆಸರು ಎತ್ತುವ ಗ್ರ್ಯಾಬ್, ಅರ್ಧ ಮಿಲಿಮೀಟರ್ ಜರಡಿ, ಜೀವಿಗಳು ಎದ್ದು ಕಾಣುವಂತೆ ಹಾಕುವ ರೋಸ್ ಬೆಂಗಾಲ್ ಬಣ್ಣ ಈ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿಗಳು. ಹಣ ಹೋದದ್ದು ತೊಟ್ಟಿಗಳಿಗೆ. ಎರಡು ಹಾಳೆಗಳ ನಡುವೆ ಎರಡು-ಮೂರು ಸೆಂಟಿಮೀಟರ್ ಕೆಸರು ನಿಲ್ಲುವಂಥ ತೆಳು ತೊಟ್ಟಿಗಳನ್ನು ಮೊದಲು ಅಕ್ರಿಲಿಕ್‌ನಲ್ಲಿ ಮಾಡಿಸಿದೆ. ಒದ್ದೆ ಕೆಸರಿನ ಭಾರಕ್ಕೆ ಹಾಳೆಗಳು ಉಬ್ಬಿ, ಹುಳುಗಳೆಲ್ಲ ಗೋಡೆಯಿಂದ ದೂರ ಸರಿದು ಕಣ್ಣಿಗೇ ಬೀಳದಂತಾದವು. ಆಮೇಲೆ ದಪ್ಪ ಗಾಜಿಗೆ ಬಂದೆ, ಒಂದೊಂದಕ್ಕೆ ಸುಮಾರು 1,200 ರೂಪಾಯಿ. ಮೊದಲ ಮಳೆಗಾಲದಲ್ಲಿ ಇಡೀ ರಾತ್ರಿ ಕರೆಂಟು ಹೋಗಿ, ಗಾಳಿಯ ಪಂಪು ನಿಂತು, ಬೆಳಿಗ್ಗೆ ಎಲ್ಲ ತೊಟ್ಟಿಗಳೂ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿದ್ದವು. ಇನ್ವರ್ಟರ್‌ಗೆ ಇನ್ನೊಂದು ಹದಿನೆಂಟು ಸಾವಿರ ಹೋಯಿತು. ದೋಣಿ ಬಾಡಿಗೆಯೂ ಸೇರಿ ಒಟ್ಟು ಲಕ್ಷದ ಹತ್ತಿರ ಬಂದಿರಬೇಕು.

ಕೆಸರು ಎಷ್ಟು ಆಳಕ್ಕೆ ಮಗುಚುತ್ತದೆ ಎಂದು ಅಳೆಯಲು ಮೇಲೆ ಉದುರಿಸುವ, ಯುವಿ ಬೆಳಕಿಗೆ ಹೊಳೆಯುವ ಮರಳನ್ನು ಹೊರದೇಶದಿಂದ ತರಿಸುವ ಶಕ್ತಿ ನನಗಿರಲಿಲ್ಲ. ಅಳಿವೆಯ ದಡದ ತದಡಿಯ ಮರಳನ್ನೇ ಸೋಸಿ, ಪ್ರತಿದೀಪ್ತಿ ಬಣ್ಣ ಹಚ್ಚಿ, ಒಣಗಿಸಿ, ಕುಟ್ಟಿ ಬಳಸಿದೆ. ಮೊದಲ ಕಂತಿನ ಬಣ್ಣ ಉಪ್ಪುನೀರಿನಲ್ಲಿ ಸುಲಿಯಿತು, ಎರಡನೆಯ ಕಂತಿನ ಕಣಗಳು ತೇಲಿದವು. ಬಣ್ಣಕ್ಕೆ ಈಗ ನಾನು ಏನು ಬೆರೆಸುತ್ತೇನೆ ಎಂಬುದನ್ನು ನುಣ್ಣನೆಯ ಕೆಸರಿನಲ್ಲೂ ಪರೀಕ್ಷಿಸಿ ಮುಗಿಸುವವರೆಗೆ ಹೇಳಲಾರೆ. ಆದರೆ ಯುವಿ ಟಾರ್ಚು ಮತ್ತು ಮೊಬೈಲ್ ಕ್ಯಾಮೆರಾದಲ್ಲಿ ನನಗೆ ಸಿಗುತ್ತಿರುವ ಚಿತ್ರಗಳು ದುಬಾರಿ ಮರಳಿನವಕ್ಕಿಂತ ಕಡಿಮೆಯೇನಲ್ಲ.

ಗಾಜಿನ ಹಿಂದೆ ಡಯೊಪಾಟ್ರಾ ಹುಳು ಕೊಳವೆ ಕಟ್ಟುವುದನ್ನು ನೋಡಿದ ಮೇಲೆ ನನ್ನ ಕೋಷ್ಟಕವೇ ಬದಲಾಯಿತು. ಅದು ತಲೆ ಹೊರಹಾಕಿ, ಒಡೆದ ಚಿಪ್ಪಿನ ಚೂರೊಂದನ್ನು ಹಿಡಿದು, ತಿರುಗಿಸಿ ನೋಡುವಂತೆ ಸರಿಹೊಂದಿಸಿ, ಕೊಳವೆಯ ಬಾಯಿಗೆ ಅಂಟಿಸುತ್ತದೆ. ಜೀವಿಗಳ ಸಂಖ್ಯೆ, ಮೈತೂಕ, ಚಲನೆ, ಕದಡುವ ಬಗೆ ಇವನ್ನು ಸೇರಿಸಿ ಅಂಕ ಕೊಡುವ ಕದಡುವಿಕೆಯ ಸೂತ್ರದಲ್ಲಿ ಕೊಳವೆಯಲ್ಲೇ ಕೂರುವ ಜೀವಿಗೆ ಚಲನೆಯ ಅಂಕ ನಾಲ್ಕರಲ್ಲಿ ಒಂದೇ. ಕೆಸರನ್ನು ಹಿಡಿದು ನಿಲ್ಲಿಸುವ ಅದರ ಕೆಲಸ ಆ ಸೂತ್ರಕ್ಕೆ ಕಾಣುವುದೇ ಇಲ್ಲವಾದ್ದರಿಂದ ಅದಕ್ಕೆ ಬೇರೆ ಕಾಲಂ ತೆರೆದೆ. ಬಿಲಗಳಿಗೆ ನೀರು ಹಾಯಿಸುವ ಗುಣಕ್ಕೂ ಹಾಗೆಯೇ ಮಾಡಿದೆ. ಕಪ್ಪು ಕೆಸರಿನ ನಡುವೆ ಬಿಲದ ಗೋಡೆಯುದ್ದಕ್ಕೂ ಎರಡು ಮಿಲಿಮೀಟರಿನಷ್ಟು ಕಂದು ಅಂಚು ಎದ್ದು ಕಾಣುತ್ತದೆ. ಆಮ್ಲಜನಕ ಮುಟ್ಟಿದ ಆ ಅಂಚಿನಲ್ಲಿ ಕೆಸರಿನ ಅಮೋನಿಯಂ, ನೈಟ್ರೇಟ್ ಆಗಿ ಬದಲಾಗುತ್ತದೆ, ಅದರಾಚೆಯ ಕಪ್ಪು ಕೆಸರಿನಲ್ಲಿ ಆ ನೈಟ್ರೇಟ್ ಸಾರಜನಕ ಅನಿಲವಾಗಿ ಹೊರಟುಹೋಗುತ್ತದೆ. ಬಿಲ ತೋಡುವವರು ಇಲ್ಲವಾದರೆ ಅಳಿವೆಗೆ ಈ ಶುದ್ಧೀಕರಣದ ಒಂದು ಪಾಲು ತಪ್ಪುತ್ತದೆ.

ಆಹಾರದ ಕಾಲಂನಲ್ಲಿ ಸ್ಪಯೊನಿಡ್ ಹುಳುಗಳು ಸತಾಯಿಸಿದವು. ನೀರು ನಿಂತಾಗ ಸ್ಪರ್ಶಕಗಳಿಂದ ಕೆಸರಿನ ಮೇಲ್ಮೈಯನ್ನು ತಡಕಿ ತಿನ್ನುವ ಅವೇ ಹುಳುಗಳು, ಹರಿವು ಹೆಚ್ಚಾದೊಡನೆ ಸ್ಪರ್ಶಕಗಳನ್ನು ಸುರುಳಿ ಮಾಡಿ ನೀರಿನಲ್ಲಿ ತೇಲುವುದನ್ನು ಹಿಡಿಯುತ್ತವೆ. ಒಂದೇ ಜೀವಿಯ ಬೇರೆ ಬೇರೆ ಅಭ್ಯಾಸಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಹಂಚುವ ಪದ್ಧತಿ ಇಂಥವಕ್ಕೇ ಇದೆ. ಆದರೂ ಭರತದಲ್ಲೊಮ್ಮೆ, ಇಳಿತದಲ್ಲೊಮ್ಮೆ ನೋಡದೆ ನಾನು ಅಂಕ ಬರೆಯುವುದಿಲ್ಲ.

ಈ ನಡುವೆ ಪಿಟೀಲು ಏಡಿಗಳ ಬಿಲಗಳ ಅಚ್ಚು ತೆಗೆಯಲೂ ಹೋದೆ. ಪ್ಲಾಸ್ಟರ್ ಒದ್ದೆ ಕೆಸರಿನಲ್ಲಿ ಪುಡಿಪುಡಿಯಾಯಿತು. ರೆಸಿನ್ ಚೆನ್ನಾಗಿ ಕೂತಿತಾದರೂ ಕಿಲೋಗೆ ಐನೂರರ ಮೇಲಿನ ಬೆಲೆ ನೋಡಿ ಕೆಲವು ಅಚ್ಚುಗಳಿಗೇ ನಿಲ್ಲಿಸಿದೆ.

ಅನುಮಾನಿಸಿದವರು ಸುಮ್ಮನಾದದ್ದು ಬಳಚಿನ (ತಿನ್ನುವ ಕಪ್ಪೆಚಿಪ್ಪಿನ) ದಿಬ್ಬಗಳ ಲೆಕ್ಕ ಬಂದ ಮೇಲೆ. ಬಳಚು ಹೆಚ್ಚು ಬಾಚುವ ದಿಬ್ಬದಲ್ಲೂ ಕಡಿಮೆ ಬಾಚುವ ದಿಬ್ಬದಲ್ಲೂ ಪ್ರಭೇದಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇತ್ತು, ಒಟ್ಟು ಜೀವಿಗಳೂ ಅಷ್ಟೇ. ಹಳೆಯ ಪಟ್ಟಿಯಲ್ಲಿ ಎರಡೂ ಆರೋಗ್ಯವಂತ ದಿಬ್ಬಗಳೇ. ಆದರೆ ಸೂತ್ರದಲ್ಲಿ ಸರಾಸರಿ ತೂಕದ ವರ್ಗಮೂಲ ಬರುವುದರಿಂದ, ಮೈತೂಕ ನಾಲ್ಕನೇ ಒಂದಕ್ಕೆ ಇಳಿದರೆ ಅಂಕ ಅರ್ಧಕ್ಕೆ ಇಳಿಯುತ್ತದೆ. ಬಾಚಿದ ದಿಬ್ಬದಲ್ಲಿ ಆದದ್ದು ಸುಮಾರು ಅದೇ, ಮತ್ತು ಅಲ್ಲಿನ ಕೆಸರಿನಲ್ಲಿ ಹೊಳೆಯುವ ಮರಳು ಇಳಿದ ಆಳವೂ ಐದಾರು ಸೆಂಟಿಮೀಟರಿನಿಂದ ಮೂರರ ಸುತ್ತಮುತ್ತ ಬಂತು. ಸೂತ್ರವೂ ಗಾಜಿನ ತೊಟ್ಟಿಯೂ ಒಂದೇ ಮಾತು ಹೇಳಿದವು.

ಮಾಡಿ ನೋಡುವವರು ಚಿಪ್ಪುಜೀವಿಗಳ ತೂಕ ಚಿಪ್ಪು ಸಹಿತವೋ ರಹಿತವೋ ಎಂದು ಮೊದಲ ದಿನವೇ ತೀರ್ಮಾನಿಸಿ ಬರೆದಿಡಬೇಕು. ನಾನು ಚಿಪ್ಪು ತೆಗೆದೇ ತೂಗುತ್ತೇನೆ. ಅದು ಹೊಂದದಿದ್ದರೆ ನನ್ನ ಅಂಕಿಗಳ ಜೊತೆ ನಿಮ್ಮವನ್ನು ಇಟ್ಟು ನೋಡಲು ಆಗುವುದಿಲ್ಲ.