ಕರಂಡೆ ಜಾಮಿಗೆ ಬರೀ ಕಪ್ಪು ಹಣ್ಣು ಬೇಡ

ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ನಮ್ಮ ಕರಾವಳಿಯ ಮುರಕಲ್ಲು ಗುಡ್ಡೆಗಳಲ್ಲಿ ಕರಂಡೆಯ ಕಾಲ. ಉತ್ತರ ಕನ್ನಡದವರಿಗೆ ಇದು ಕವಳಿ ಹಣ್ಣು. ಕಾಯಿಯನ್ನು ಉಪ್ಪಿನಕಾಯಿಗೆ ಹಾಕುತ್ತೇವೆ, ಹಣ್ಣನ್ನು ಸುಮ್ನೆ ತಿಂದು ಮುಗಿಸುತ್ತೇವೆ. ಸ್ವಲ್ಪ ಜಾಮ್ ಮಾಡಿಟ್ಟು ನೋಡಿ, ಮಳೆಗಾಲದ ದೋಸೆಗೆ ಅದರಷ್ಟು ಚಂದದ ಜೊತೆ ಬೇರೆ ಇಲ್ಲ.

ಜಾಮ್ ನೀರಾಯಿತು ಅನ್ನುವವರು ಸಾಮಾನ್ಯವಾಗಿ ಕಪ್ಪಗೆ ಕಳಿತ ಹಣ್ಣನ್ನೇ ಆರಿಸಿರುತ್ತಾರೆ. ಮುಕ್ಕಾಲು ಪಾಲು ಕಪ್ಪು ಹಣ್ಣಿರಲಿ, ಕಾಲು ಪಾಲು ಇನ್ನೂ ಕೆಂಪಗಿರುವ ದೋರೆಗಾಯಿ ಇರಲಿ. ದೋರೆಗಾಯಿಯಲ್ಲಿ ಪೆಕ್ಟಿನ್, ಹುಳಿ ಎರಡೂ ಜಾಸ್ತಿ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ನಿಂಬೆರಸ ಕೂಡ ಬೇಕಾಗುವುದಿಲ್ಲ.

ಕೊಯ್ಯಲು ಹೋಗುವಾಗ ತುಂಬುತೋಳಿನ ಅಂಗಿ ಹಾಕಿ, ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ. ತೊಟ್ಟು ಮುರಿದಲ್ಲೆಲ್ಲ ಹಾಲಿನಂಥ ಸೊನೆ ಬರುತ್ತದೆ, ಬೆರಳಿಗೆ ಅಂಟಿದರೆ ಸುಲಭಕ್ಕೆ ಹೋಗುವುದಿಲ್ಲ. ಗಿಡದ ಗುರುತು ಸರಿಯಾಗಿ ತಿಳಿದಿರಬೇಕು. ಜೋಡಿ ಮುಳ್ಳು, ಎದುರುಬದುರು ದಪ್ಪ ಎಲೆ, ಮಲ್ಲಿಗೆಯಂಥ ಬಿಳಿ ಹೂವು. ಕರಾವಳಿಯಲ್ಲಿ ಹಾಲು ಸುರಿಸುವ ವಿಷದ ಗಿಡಗಳೂ ಇವೆ. ಗುರುತು ಗಟ್ಟಿ ಇಲ್ಲದಿದ್ದರೆ ಬಲ್ಲವರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಕೊಂಬೆ ಮುರಿಯಬೇಡಿ, ಹಕ್ಕಿಗಳಿಗೂ ನಾಲ್ಕು ಹಣ್ಣು ಬಿಡಿ.

ಮನೆಗೆ ತಂದು ಉಪ್ಪುನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎರಡು ಮೂರು ಸಲ ತೊಳೆಯಿರಿ. ಸ್ಟೀಲ್ ಪಾತ್ರೆಯನ್ನೇ ಬಳಸಿ, ಈ ಹುಳಿಗೆ ಅಲ್ಯೂಮಿನಿಯಂ ಆಗದು. ಹಣ್ಣು ಅರೆಮುಳುಗುವಷ್ಟು ನೀರು ಹಾಕಿ ಮೆತ್ತಗೆ ಬೇಯಿಸಿ, ಸೌಟಿನಿಂದ ಜಜ್ಜಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ಸಿಕ್ಕ ತಿರುಳಿನ ತೂಕದಷ್ಟೇ ಸಕ್ಕರೆ. ಕಡಿಮೆ ಮಾಡಿದರೆ ರುಚಿ ಕೆಡದು, ಆದರೆ ಬಾಳಿಕೆ ಬರುವುದಿಲ್ಲ. ಸಕ್ಕರೆ ಕರಗಿದ ಮೇಲೆ ಉರಿ ಹೆಚ್ಚಿಸಿ, ಕೈ ಬಿಡದೆ ತಿರುವುತ್ತಿರಿ. ಮೊದಲು ನೊರೆ ಉಕ್ಕುತ್ತದೆ. ಆಮೇಲೆ ಗುಳ್ಳೆಗಳು ದಪ್ಪಗಾಗಿ ನಿಧಾನಕ್ಕೆ ಒಡೆಯುತ್ತವೆ, ಬಣ್ಣ ಕಡುಗೆಂಪಾಗುತ್ತದೆ. ಆಗ ತಣ್ಣಗಿನ ತಟ್ಟೆಗೆ ಒಂದು ಹನಿ ಹಾಕಿ, ಆರಿದ ಮೇಲೆ ಬೆರಳಿನಿಂದ ದೂಡಿ. ಮೇಲೆ ನೆರಿಗೆ ಕಟ್ಟಿದರೆ ಒಲೆ ಆರಿಸಿ. ಬಿಸಿಯಲ್ಲಿ ತೆಳ್ಳಗೆ ಕಂಡರೂ ಆರಿದಾಗ ಗಟ್ಟಿಯಾಗುತ್ತದೆ.

ಗಾಜಿನ ಬಾಟಲಿಗಳನ್ನು ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ, ಬಿಸಿ ಇರುವಾಗಲೇ ಜಾಮ್ ತುಂಬಿ. ನಮ್ಮ ಮಳೆಗಾಲದ ತೇವಕ್ಕೆ ಬೂಸಲು ಬೇಗ ಹಿಡಿಯುತ್ತದೆ. ಹಾಗಾಗಿ ಒಣಚಮಚವೇ ಆಗಬೇಕು, ತೆರೆದ ಬಾಟಲಿ ಫ್ರಿಜ್ಜಿನಲ್ಲಿರಲಿ.