ಎಸ್‌ಎಂಪಿಎಸ್ ಫ್ಯಾನಿನ ಗದ್ದಲ ಇಳಿಸಿದ್ದು

ಹವ್ಯಾಸಿಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊದ ನಿಜವಾದ ಖುಷಿ ಇರುವುದು ದೂರದ, ಕ್ಷೀಣವಾದ ದನಿಯನ್ನು ಕಿವಿಗೊಟ್ಟು ಹಿಡಿಯುವುದರಲ್ಲಿ. ನನ್ನ 100 ವಾಟ್ ಸೆಟ್ಟಿಗೆ ಕರೆಂಟ್ ಕೊಡುತ್ತಿರುವುದು ಎಲ್‌ಇಡಿ ಬೋರ್ಡ್ ಮಾಡುವವರು ಬಳಸುವಂಥ 12 ವೋಲ್ಟ್, 30 ಆಂಪಿಯರ್ ಎಸ್‌ಎಂಪಿಎಸ್, ಎಂದರೆ ಮನೆಯ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿಗೆ ಇಳಿಸುವ ಪವರ್ ಸಪ್ಲೈ. ಅದರ ವೋಲ್ಟೇಜ್ ಹೊಂದಿಸುವ ಟ್ರಿಮ್ಮರ್ ತಿರುಗಿಸಿ 13.8 ವೋಲ್ಟಿಗೆ ಇಟ್ಟುಕೊಂಡಿದ್ದೇನೆ. ಅದರೊಳಗಿನ 60 ಮಿ.ಮೀ. ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ಕಿರ್ರೆನ್ನುತ್ತಿತ್ತು.

ಕೇಳುವಾಗ ಸೆಟ್ ಎಳೆಯುವುದು ಒಂದೂವರೆ ಆಂಪಿಯರ್ ಆಸುಪಾಸು. ಮಾತಾಡುವಾಗ 20 ಆಂಪಿಯರ್ ದಾಟುತ್ತದೆ. ಎಂದರೆ ಶಾಖ ಹುಟ್ಟುವುದು ಮಾತಾಡುವಾಗ, ನಿಶ್ಶಬ್ದ ಬೇಕಾಗಿರುವುದು ಕೇಳುವಾಗ. ಈ ಎರಡು ಹೊತ್ತನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಆದಂತೆ.

ಮೊದಲು ಅಳತೆ. ಫ್ಯಾನ್ ಮುಟ್ಟುವ ಮುನ್ನವೇ ಔಟ್‌ಪುಟ್ ಡಯೋಡ್ ಕೂತ ಹೀಟ್‌ಸಿಂಕ್ (ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ತುಂಡು) ಎಷ್ಟು ಬಿಸಿಯಾಗುತ್ತದೆ ಎಂದು ಮಲ್ಟಿಮೀಟರಿನ ಥರ್ಮೊಕಪಲ್ (ಉಷ್ಣತೆ ಅಳೆಯುವ ತಂತಿ) ಹಚ್ಚಿ ಬರೆದಿಟ್ಟುಕೊಂಡೆ. ಇಲ್ಲಿ ಎಚ್ಚರ ಬೇಕು. ಪ್ರೈಮರಿ ಕಡೆಯ, ಎಂದರೆ ಮನೆಯ ಕರೆಂಟ್ ಬರುವ ಕಡೆಯ, ದೊಡ್ಡ ಕೆಪಾಸಿಟರ್‌ಗಳ ಮೇಲೆ ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಮೀಟರಿನಲ್ಲಿ ಅದು ಇಳಿದಿದ್ದನ್ನು ನೋಡದೆ ನಾನು ಕೈ ಹಾಕುವುದಿಲ್ಲ. ಥರ್ಮೊಕಪಲ್ಲನ್ನು ಆ ಕಡೆಗೆ ಒಯ್ಯುವುದೂ ಇಲ್ಲ, ಒಯ್ದರೆ ಮೀಟರಿಗೇ ಲೈವ್ ಬರಬಹುದು.

ಬರೆದಿಟ್ಟುಕೊಳ್ಳಬೇಕಾದದ್ದು ಬರೀ ಉಷ್ಣತೆಯಲ್ಲ, ಕೋಣೆಗಿಂತ ಎಷ್ಟು ಏರಿತು ಎಂಬುದು. ನಾನಿರುವುದು ಕಲಬುರಗಿಯಲ್ಲಿ. ಜನವರಿಯಲ್ಲಿ 25 ಡಿಗ್ರಿ ಇರುವ ಕೋಣೆ ಮೇ ತಿಂಗಳಲ್ಲಿ 40 ಮುಟ್ಟುತ್ತದೆ. ಚಳಿಗಾಲದಲ್ಲಿ 'ಬರೀ 55' ಎಂದು ಸಮಾಧಾನಪಟ್ಟರೆ ಬೇಸಿಗೆಯಲ್ಲಿ ಅದೇ 70 ಆಗಿ ಕೂತಿರುತ್ತದೆ. ನಾನು ಹಾಕಿಕೊಂಡ ಗಡಿ ಬೇಸಿಗೆಯಲ್ಲೂ 70 ಡಿಗ್ರಿ. ಸೆಮಿಕಂಡಕ್ಟರ್ ಅದಕ್ಕಿಂತ ಹೆಚ್ಚು ತಾಳುತ್ತದೆ, ಆದರೆ ಪಕ್ಕದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಪ್ರತಿ 10 ಡಿಗ್ರಿ ಏರಿಕೆಗೆ ಆಯುಸ್ಸಿನ ಅರ್ಧ ಕಳೆದುಕೊಳ್ಳುತ್ತದೆ.

ಆಮೇಲೆ ಗಾಳಿಯ ದಾರಿ. ಹೆಚ್ಚಿನವರು ಇದನ್ನು ಬಿಟ್ಟು ನೇರ ಫ್ಯಾನ್ ಬದಲಿಸುತ್ತಾರೆ. ಫ್ಯಾನಿನ ಮುಂದೆ ತಗಡಿನಲ್ಲೇ ಹೊಡೆದ ತೂತುಗಳಿಗೆ ಗಾಳಿ ಬಡಿದು ಏಳುವ ಸದ್ದು ಮೋಟಾರಿನ ಸದ್ದಿಗಿಂತ ಕಡಿಮೆಯೇನಿಲ್ಲ. ಆ ಭಾಗ ಕತ್ತರಿಸಿ, ಬೆರಳು ಹೋಗದಂಥ ತಂತಿ ಗಾರ್ಡ್ ಹಾಕಿದೆ. ಕತ್ತರಿಸುವಾಗ ಬೋರ್ಡ್ ಹೊರಗೆ ತೆಗೆದಿರಬೇಕು, ಒಂದು ಚೂರು ಲೋಹದ ಪುಡಿ ಒಳಗೆ ಉಳಿದರೂ ಸಾಕು, ಎಲ್ಲ ಸುಟ್ಟೀತು. ಒಳಗೆ ಗಾಳಿ ಹೀಟ್‌ಸಿಂಕ್ ಬಿಟ್ಟು ಖಾಲಿ ಜಾಗದಲ್ಲಿ ನುಸುಳಿ ಹೋಗುತ್ತಿತ್ತು. ಮೋಟಾರ್ ವೈಂಡಿಂಗ್ ಅಂಗಡಿಯ ಇನ್ಸುಲೇಷನ್ ಪೇಪರ್ ಮಡಚಿ ಅಡ್ಡ ಕೊಟ್ಟು ಅದನ್ನು ಹೀಟ್‌ಸಿಂಕಿನ ಕಡೆ ತಿರುಗಿಸಿದೆ. ಇಷ್ಟಕ್ಕೇ ಉಷ್ಣತೆ ಇಳಿಯಿತು, ಆ ಇಳಿಕೆಯೇ ಮುಂದೆ ವೇಗ ತಗ್ಗಿಸಲು ನನಗೆ ಸಿಕ್ಕ ಬಂಡವಾಳ.

ವೇಗ ಅರ್ಧಕ್ಕೆ ಇಳಿದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಬೀಳುತ್ತದೆ. ಹಾಗಾಗಿ ಸಣ್ಣ ಫ್ಯಾನನ್ನು ಜೋರಾಗಿ ಓಡಿಸುವ ಬದಲು ಮುಚ್ಚಳದ ಮೇಲೆ 92 ಮಿ.ಮೀ. ಬಾಲ್ ಬೇರಿಂಗ್ ಫ್ಯಾನನ್ನು ರಬ್ಬರ್ ವಾಷರ್ ಕೊಟ್ಟು ಕೂರಿಸಿದೆ. ಸ್ಲೀವ್ ಬೇರಿಂಗಿನದು ಹೊಸದರಲ್ಲಿ ಇನ್ನೂ ಮೆತ್ತಗೆ ಓಡುತ್ತದೆ, ಆದರೆ ಬಿಸಿಯಲ್ಲಿ ಅದರ ಎಣ್ಣೆ ಬೇಗ ಆರುತ್ತದೆ.

ವೇಗ ನಿಯಂತ್ರಣಕ್ಕೆ ಪಿಡಬ್ಲ್ಯೂಎಂ (ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡುವ ವಿಧಾನ) ಹಾಕಿದರೆ ರೇಡಿಯೊದಲ್ಲಿ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಗರಗರ ಕೇಳಿಸುತ್ತಿತ್ತು. ಅದಕ್ಕೇ ಆನ್-ಆಫ್ ಇಲ್ಲದೆ ವೋಲ್ಟೇಜ್ ಇಳಿಸುವ ಲೀನಿಯರ್ ರೆಗ್ಯುಲೇಟರ್ ಚಿಪ್ ಎಲ್‌ಎಂ317. ಔಟ್‌ಪುಟ್‌ಗೂ ಅಡ್ಜಸ್ಟ್ ಕಾಲಿಗೂ ನಡುವೆ 10 ಕಿಲೊಓಮ್ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಷ್ಟೂ ರೋಧ ಇಳಿಯುವ ಬಿಡಿಭಾಗ), ಅಡ್ಜಸ್ಟ್‌ನಿಂದ ಗ್ರೌಂಡಿಗೆ 22 ಕಿಲೊಓಮ್ ರೆಸಿಸ್ಟರ್. ಥರ್ಮಿಸ್ಟರನ್ನು ಡಯೋಡಿನ ಹೀಟ್‌ಸಿಂಕಿಗೇ ಅಂಟಿಸಬೇಕು. 25 ಡಿಗ್ರಿಯಲ್ಲಿ ಫ್ಯಾನಿಗೆ ಸಿಗುವುದು ಸುಮಾರು 5 ವೋಲ್ಟ್, 50ರಲ್ಲಿ 10, 60ರ ಹೊತ್ತಿಗೆ ಪೂರ್ತಿ 12. ಎಲ್ಲ ಫ್ಯಾನೂ 5 ವೋಲ್ಟಿಗೆ ತಾನಾಗಿ ತಿರುಗಲು ಶುರುಮಾಡುವುದಿಲ್ಲ, ನೋಡಿಯೇ ಆರಿಸಬೇಕು. ಎಲ್‌ಎಂ317ರ ಬೆನ್ನಿನ ತಗಡೇ ಔಟ್‌ಪುಟ್, ಹಾಗಾಗಿ ಅದನ್ನು ಕೂರಿಸುವಾಗ ಕೆಳಗೆ ಕರೆಂಟ್ ತಡೆಯುವ ಮೈಕಾ ಹಾಳೆ ಇರಲಿ.

ಈ ಸರ್ಕ್ಯೂಟಿಗೆ ಒಂದು ಅಪಾಯಕಾರಿ ಗುಣವಿದೆ. ಥರ್ಮಿಸ್ಟರಿನ ತಂತಿ ಕಡಿದರೆ ವೋಲ್ಟೇಜ್ ಎರಡೂವರೆಯ ಹತ್ತಿರಕ್ಕೆ ಕುಸಿದು ಫ್ಯಾನ್ ನಿಂತೇಬಿಡುತ್ತದೆ. ಅದಕ್ಕಾಗಿ ಅದೇ ಹೀಟ್‌ಸಿಂಕಿನ ಮೇಲೆ 65 ಡಿಗ್ರಿಗೆ ಮುಚ್ಚಿಕೊಳ್ಳುವ ಕೆಎಸ್‌ಡಿ301 ಥರ್ಮೋಸ್ಟಾಟ್ ಇಟ್ಟು, ಎಲ್‌ಎಂ317ರ ಇನ್‌ಪುಟ್-ಔಟ್‌ಪುಟ್ ನಡುವೆ ಜೋಡಿಸಿದ್ದೇನೆ. ಏನೇ ಕೆಟ್ಟರೂ ಆ ಬಿಸಿಗೆ ಫ್ಯಾನಿಗೆ ನೇರ 13.8 ವೋಲ್ಟ್ ಸಿಗುತ್ತದೆ. ಆ ವೋಲ್ಟೇಜ್ ತಾಳುವ ಫ್ಯಾನನ್ನೇ ಕೊಂಡಿದ್ದು ಈ ಕಾರಣಕ್ಕೆ. ಥರ್ಮಿಸ್ಟರನ್ನು ಬೇಕೆಂದೇ ಬಿಡಿಸಿ, ಲೋಡ್ ಕೊಟ್ಟು, ಥರ್ಮೋಸ್ಟಾಟ್ ಕ್ಲಿಕ್ ಎಂದು ಫ್ಯಾನ್ ಎದ್ದಿದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಮುಚ್ಚಳದ ಸ್ಕ್ರೂ ಬಿಗಿದೆ.

ಈಗ ಕೇಳುವಾಗ ಫ್ಯಾನ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಡಿಜಿಟಲ್ ವಿಧಾನವಾದ ಎಫ್‌ಟಿ8 ಹಾಕಿದಾಗ ಮಾತ್ರ, 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡ್ ಬಿಡದೆ ಟ್ರಾನ್ಸ್‌ಮಿಟ್ ಆಗುವುದರಿಂದ, ಸದ್ದು ಮೆಲ್ಲಗೆ ಏರುತ್ತದೆ. ಆ ಹೊತ್ತಲ್ಲಿ ಕಿವಿಗೆ ಕೆಲಸವಿಲ್ಲ, ಕಂಪ್ಯೂಟರೇ ಕೇಳಿಸಿಕೊಳ್ಳುತ್ತಿರುತ್ತದೆ. ಹಾಗಾಗಿ ಅದನ್ನು ತಗ್ಗಿಸಲು ಹೋಗಿಲ್ಲ.