ಹಳೆ ಕಾರು ಕೊಳ್ಳುವಾಗ: ದುಬೈಯದ್ದೋ, ಮುಂಬಯಿಯದ್ದೋ, ಊರಿನದ್ದೋ?

ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರ ಮನೆಯಲ್ಲಿ ಮೂರು ಮಾತು ಬಂದೇ ಬರುತ್ತವೆ. ಗಲ್ಫ್‌ನಲ್ಲಿರುವ ಅಣ್ಣನೋ ಭಾವನೋ ಓಡಿಸುತ್ತಿರುವ ಕಾರನ್ನೇ ತರಿಸಿದರಾಗದೇ? ಮುಂಬಯಿಯಲ್ಲೋ ದೆಹಲಿಯಲ್ಲೋ ಅಗ್ಗಕ್ಕೆ ಸಿಗುತ್ತದಂತಲ್ಲ? ಇಲ್ಲವಾದರೆ ಊರಿನ ಡೀಲರ್ ಹತ್ತಿರವೇ ನೋಡುವುದೇ? ಮೂರನ್ನೂ ಒಂದೇ ಅಳತೆಯಿಂದ ಅಳೆಯಬೇಕು. ಮಂಗಳೂರು ಅಥವಾ ಉಡುಪಿ ಆರ್‌ಟಿಒದಲ್ಲಿ ನಿಮ್ಮ ಹೆಸರಿನ ಆರ್‌ಸಿ ಆಗಿ, ಒಮ್ಮೆ ಗ್ಯಾರೇಜ್ ಕೆಲಸ ಮುಗಿಯುವ ಹೊತ್ತಿಗೆ ಕೈಯಿಂದ ಒಟ್ಟು ಎಷ್ಟು ಹೋಗಿರುತ್ತದೆ ಎಂಬುದೇ ಆ ಅಳತೆ. ಜಾಹೀರಾತಿನ ಬೆಲೆ ಅದರ ಒಂದು ಭಾಗ ಮಾತ್ರ.

ಗಲ್ಫ್ ಕಾರಿನ ಆಸೆ

ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಬಳಸಿದ ಕಾರನ್ನು ಭಾರತಕ್ಕೆ ತರಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಷರತ್ತುಗಳಿವೆ. ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟಿಯರಿಂಗ್ ಬಲಗಡೆ ಇರಬೇಕು. ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್ ಎಲ್ಲ ಕಡೆಯೂ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಅಲ್ಲಿನ ಕಾರುಗಳ ಸ್ಟಿಯರಿಂಗ್ ಇರುವುದು ಎಡಕ್ಕೆ. ಗಲ್ಫ್‌ನ ಮಾಮೂಲಿ ಕಾರಿನ ಮಾತು ಇಲ್ಲಿಗೇ ಮುಗಿಯಿತು.

ಜಪಾನ್, ಬ್ರಿಟನ್ನಿನಂಥ ಬಲ ಸ್ಟಿಯರಿಂಗ್ ದೇಶಗಳಿಂದ ತರಬಹುದು, ಆದರೆ ಪಣಂಬೂರಿನ ಬಂದರಿನಲ್ಲಿ ಇಳಿಸುವಂತಿಲ್ಲ. ಹಳೆ ಕಾರಿನ ಆಮದಿಗೆ ಅನುಮತಿ ಇರುವುದು ಮುಂಬಯಿ ಬಂದರಿಗೆ ಮಾತ್ರ. ಹಡಗು ಹತ್ತುವ ಮೊದಲೊಂದು ತಪಾಸಣೆ, ಇಳಿದ ಮೇಲೆ ಪುಣೆಯ ಎಆರ್‌ಎಐಯಂಥ ಗೊತ್ತುಪಡಿಸಿದ ಸಂಸ್ಥೆಯಲ್ಲಿ ಇನ್ನೊಂದು ಪರೀಕ್ಷೆ. ಕಾರಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರೂ ಕೂಡಿದ ಮೊತ್ತದ ಮೇಲೆ ಸುಂಕ ಬೀಳುತ್ತದೆ. ಸುಂಕವೊಂದೇ ಆ ಮೊತ್ತವನ್ನು ಮೀರುತ್ತದೆ. ಅದೂ ಸೇರಿದ ಮೇಲೆ ಜಿಎಸ್‌ಟಿ. ಅಲ್ಲಿ 10 ಲಕ್ಷ ರೂಪಾಯಿ ಬಾಳುವ ಕಾರು ಇಲ್ಲಿ ಬಂದರಿನಿಂದ ಹೊರಬರುವಾಗ 25 ಲಕ್ಷ ದಾಟಿರುತ್ತದೆ, ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್ (ನೋಂದಣಿಗೆ ಒಮ್ಮೆಗೇ ಕಟ್ಟುವ ವಾಹನ ತೆರಿಗೆ) ಬೇರೆ. ವಿದೇಶವಾಸ ಮುಗಿಸಿ ಮರಳುವವರಿಗೆ ಮನೆಸಾಮಾನಿನ ಮೇಲೆ ಸಿಗುವ ಬ್ಯಾಗೇಜ್ ವಿನಾಯಿತಿಯೂ ಕಾರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಮೋಟಾರು ವಾಹನ ಬ್ಯಾಗೇಜ್ ಅಲ್ಲ.

ಹಾಗಾದರೆ ದುಬೈ ನಂಬರ್ ಪ್ಲೇಟಿನ ಕಾರುಗಳು ಕಾಸರಗೋಡು, ಕಣ್ಣೂರು ಕಡೆ ಓಡಾಡುವುದು ಹೇಗೆ? ಅವು ಕಾರ್ನೆಟ್ ಎಂಬ ತಾತ್ಕಾಲಿಕ ಪರವಾನಗಿಯಲ್ಲಿ ಬಂದವು. ಅವಧಿ ಮುಗಿದಾಗ ಮರಳಿ ಹೋಗಬೇಕು, ಇಲ್ಲಿ ಮಾರುವಂತಿಲ್ಲ. ಭೂತಾನ್ ಮೂಲಕ ನುಸುಳಿಸಿ, ನಕಲಿ ದಾಖಲೆಯಿಂದ ಬೇರೆ ರಾಜ್ಯಗಳಲ್ಲಿ ನೋಂದಣಿ ಮಾಡಿಸಿದರೆಂಬ ಆರೋಪದ ಕಾರುಗಳಿಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಇಲಾಖೆ ಕೇರಳದಾದ್ಯಂತ ದಾಳಿ ನಡೆಸಿತು. ಇಂಥ ಪ್ರಕರಣಗಳಲ್ಲಿ ಜಫ್ತಿಯಾಗುವುದು ಈಗ ಯಾರ ಅಂಗಳದಲ್ಲಿದೆಯೋ ಅವರ ಕಾರು. ಆದ್ದರಿಂದ ವಿದೇಶಿ ಎಸ್‌ಯುವಿಯೊಂದು ದೂರದ ರಾಜ್ಯದ ನಂಬರಿನಲ್ಲಿ, ನಂಬಲಾಗದಷ್ಟು ಅಗ್ಗಕ್ಕೆ ಬಂದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ದಾಖಲೆ ಕೇಳಿ. ತೋರಿಸದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

ಹೊರರಾಜ್ಯದ ಕಾರು: ಲೆಕ್ಕ ಹಾಕಿ, ಆಮೇಲೆ ರೈಲು ಹತ್ತಿ

ಮುಂಬಯಿ ಕಾರು ಅಗ್ಗ ಎನ್ನುವುದು ಅರ್ಧ ಸತ್ಯ. ಬೇರೆ ರಾಜ್ಯದ ಕಾರು ನಿಮ್ಮ ಹೆಸರಿಗೆ ಆಗಬೇಕಾದರೆ ಕರ್ನಾಟಕಕ್ಕೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಯ ಮೇಲೆ ಶೇ 13ರಿಂದ 18ರವರೆಗೆ ದರ, ತೆರಿಗೆಯ ಮೇಲೆ ಸೆಸ್. ಹೆಚ್ಚಿನವರು ಎಡವುವುದು ಇಲ್ಲೇ. ತೆರಿಗೆ ಲೆಕ್ಕ ಹಾಕುವುದು ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ನೀವು ಕೊಟ್ಟ ಬೆಲೆ ಅಲ್ಲಿ ಗಣನೆಗೆ ಬರುವುದಿಲ್ಲ. ವಯಸ್ಸು ಹೆಚ್ಚಿದಂತೆ ತೆರಿಗೆ ಇಳಿಯುತ್ತದೆ, ನಿಜ, ಆದರೆ ನೀವು ನಿರೀಕ್ಷಿಸಿದಷ್ಟಲ್ಲ.

ಹೊಸದಿದ್ದಾಗ 9 ಲಕ್ಷವಾಗಿದ್ದ ಪೆಟ್ರೋಲ್ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಈಗ ಐದು ವರ್ಷ ಹಳತು. ಮಂಗಳೂರಿನಲ್ಲಿ 5.75 ಲಕ್ಷ ಹೇಳುತ್ತಾರೆ, ಮುಂಬಯಿಯಲ್ಲಿ 4.90 ಲಕ್ಷಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಉಳಿತಾಯ 85 ಸಾವಿರ. ಶೇ 14ರಂತೆ ಹೊಸ ಕಾರಿನ ತೆರಿಗೆ 1.26 ಲಕ್ಷ. ವಯಸ್ಸಿನ ಇಳಿಕೆ ಕಳೆದು, ಸೆಸ್ ಕೂಡಿಸಿದರೆ ಲಕ್ಷದ ಹತ್ತಿರ ನಿಲ್ಲುತ್ತದೆ. ಹೋಗುವ ರೈಲು ಖರ್ಚು, ಹಳೆ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮಾಡಿಸುವ ಏಜೆಂಟ್, ಸುಮಾರು 900 ಕಿ.ಮೀ. ಓಡಿಸಿ ತರುವ ಪೆಟ್ರೋಲ್, ಹೊಸ ನಂಬರ್ ಪ್ಲೇಟ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಊರಿನ ಕಾರಿಗಿಂತ ಇದೇ ದುಬಾರಿಯಾಯಿತು. ಹಳೆ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗಕ್ಕೆ ಅರ್ಜಿ ಹಾಕಬಹುದು, ಆದರೆ ಆ ಹಣವನ್ನು ನಂಬಿ ಲೆಕ್ಕ ಹಾಕಬೇಡಿ. ಬಂದರೆ ಯಾರಿಗೆ ಸೇರಬೇಕೆಂದು ಮಾರಾಟ ಪತ್ರದಲ್ಲಿ ಬರೆಸಿಕೊಳ್ಳಿ.

ದೆಹಲಿಯ ಡೀಸೆಲ್ ಕಾರು ಅಗ್ಗವಾಗಲು ಬೇರೆಯೇ ಕಾರಣವಿತ್ತು. ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಓಡಾಟವನ್ನು ಹಸಿರು ನ್ಯಾಯಮಂಡಳಿ ನಿಷೇಧಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೀಗಾಗಿ ಎಂಟು, ಒಂಬತ್ತು ವರ್ಷಕ್ಕೇ ಮಾಲೀಕರು ಮಾರಲು ಹೊರಡುತ್ತಿದ್ದರು, 2025ರಲ್ಲಿ ಸುಪ್ರೀಂ ಕೋರ್ಟೇ ಈ ನಿರ್ಬಂಧವನ್ನು ಸಡಿಲಿಸಿತು. ಉಪ್ಪುಗಾಳಿ ಸೋಕದ ಗಾಡಿ, ತಳದಲ್ಲಿ ತುಕ್ಕು ಕಡಿಮೆ. ಒಳ್ಳೆಯದನ್ನು ಆರಿಸಿದರೆ ಲಾಭವಿದೆ, ಆದರೆ ದೊಡ್ಡ ಕಾರಿಗೆ ತೆರಿಗೆಯೂ ದೊಡ್ಡದು. ಗೋವಾದ ಕಾರಾದರೆ ಹಿಂದೆ ಪ್ರವಾಸಿಗರಿಗೆ ಬಾಡಿಗೆಗೆ ಓಡಿದ ಕಪ್ಪು ಪ್ಲೇಟಿನ ಗಾಡಿಯೇ ಎಂದು ನೋಡಿ. ಬಾಡಿಗೆ ಗಾಡಿಯನ್ನು ಆಮೇಲೆ ಬಿಳಿ ಬೋರ್ಡಿಗೆ ಬದಲಿಸಿರುವುದು ಆರ್‌ಟಿಒ ದಾಖಲೆಯಲ್ಲಿ ಇರುತ್ತದೆ.

ಹೊರರಾಜ್ಯದ ಕಾರೇ ಬೇಕು ಎಂದಾದರೆ ಕ್ರಮ ಹೀಗಿರಲಿ. ಎನ್‌ಒಸಿ ಕೈಗೆ ಬರುವವರೆಗೆ ಟೋಕನ್ ಅಡ್ವಾನ್ಸ್ ಬಿಟ್ಟು ಹೆಚ್ಚು ಕೊಡಬೇಡಿ. ಫಾರಂ 28ರಲ್ಲಿ ಸಿಗುವ ಎನ್‌ಒಸಿಯಲ್ಲಿ ಯಾವ ಆರ್‌ಟಿಒಗೆ ಹೋಗುತ್ತದೆ ಎಂದು ನಮೂದಾಗಿರುತ್ತದೆ. ನಿಮ್ಮ ಮನೆ ಬಂಟ್ವಾಳದಲ್ಲಿದ್ದು ಎನ್‌ಒಸಿಯಲ್ಲಿ ಮಂಗಳೂರು ಎಂದಿದ್ದರೆ, ಅಥವಾ ಪುತ್ತೂರಿನವರಿಗೆ ಉಡುಪಿ ಎಂದು ಬಂದಿದ್ದರೆ, ತಿದ್ದಿಸಲು ಕಾಗದ ಮತ್ತೆ ಹಳೆ ಊರಿಗೇ ಹೋಗಬೇಕಾದೀತು. ಸಾಲವಿದ್ದ ಕಾರಾದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ಆರ್‌ಸಿಯಲ್ಲಿ ಎಚ್‌ಪಿ (ಕಾರಿನ ಮೇಲಿನ ಸಾಲ) ನಮೂದು ಅಳಿಸಿದೆಯೇ ಎಂದು ಕಣ್ಣಾರೆ ನೋಡಿ. ಸಾಲ ತೀರಿದ್ದರೂ ನಮೂದು ಉಳಿದಿರುವ ಕಾರುಗಳು ಧಾರಾಳ. ಇಲ್ಲಿ ಹೊಸ ನಂಬರಿಗೆ ಫಾರಂ 27, ಮಾಲೀಕತ್ವಕ್ಕೆ 29 ಮತ್ತು 30. ಕಾರನ್ನೂ ಆರ್‌ಟಿಒಗೆ ಒಯ್ದು ಚಾಸಿ ನಂಬರ್ ತೋರಿಸಬೇಕು.

ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ ಬಿಎಚ್ (ಭಾರತ್) ಸರಣಿಯ ಕಾರಿಗೂ ಇದೇ ಎಚ್ಚರ ಬೇಕು. ವರ್ಗಾವಣೆಯಾಗಿ ಹೋಗುವ ಬ್ಯಾಂಕ್ ಅಧಿಕಾರಿಗಳು, ಕೇಂದ್ರ ಸರ್ಕಾರದ ಉದ್ಯೋಗಿಗಳು ಮಾರುವ ಈ ಕಾರುಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಆದರೆ ಅವರು ಕಟ್ಟಿರುವುದು ಎರಡೆರಡು ವರ್ಷದ ತೆರಿಗೆ. ಬಿಎಚ್ ಅರ್ಹತೆ ನಿಮಗಿಲ್ಲದಿದ್ದರೆ ಕೆಎ ನಂಬರಿಗೆ ಬದಲಿಸಿ ಲೈಫ್ ಟ್ಯಾಕ್ಸ್ ಕಟ್ಟಬೇಕಾಗುತ್ತದೆ.

ಊರಿನ ಕಾರು, ಊರಿನ ತುಕ್ಕು

ಸ್ಥಳೀಯ ಕಾರಿಗೆ ತೆರಿಗೆಯ ತಲೆನೋವಿಲ್ಲ. ಇಲ್ಲಿನ ಶತ್ರು ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ. ಉಳ್ಳಾಲ, ಪಣಂಬೂರು, ಸುರತ್ಕಲ್, ಕಾಪು, ಮಲ್ಪೆಯ ಕಡಲ ಬದಿಯಲ್ಲಿ ಅಂಗಳದಲ್ಲೇ ನಿಲ್ಲುತ್ತಿದ್ದ ಕಾರಿಗೂ, ಕಾರ್ಕಳ, ಬೆಳ್ತಂಗಡಿ ಕಡೆಯ ಶೆಡ್ಡಿನಲ್ಲಿದ್ದ ಕಾರಿಗೂ ತಳದಲ್ಲಿ ವ್ಯತ್ಯಾಸ ಸ್ಪಷ್ಟ. ಆರ್‌ಸಿಯಲ್ಲಿರುವ ವಿಳಾಸ ಓದುವುದೂ ತಪಾಸಣೆಯ ಭಾಗವೇ.

ಕಾರನ್ನು ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯದೆ ವ್ಯಾಪಾರ ಮುಗಿಸಬೇಡಿ. ಡೀಲರ್ ಹೇಳಿದ ಗ್ಯಾರೇಜ್ ಬೇಡ, ನೀವೇ ಆರಿಸಿ. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು ನೋಡುವ ಜಾಗಗಳು ಇವು: ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿಯ ಒಳಮಗ್ಗುಲು, ಎಂಜಿನ್ ಹೊತ್ತಿರುವ ಅಡ್ಡ ಚೌಕಟ್ಟು, ಹಿಂದಿನ ಆಕ್ಸಲ್ ಬೀಮ್, ಬ್ರೇಕ್ ಪೈಪುಗಳು, ಪೆಟ್ರೋಲ್ ಟ್ಯಾಂಕ್ ಹಿಡಿದಿರುವ ಪಟ್ಟಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಬಾನೆಟ್ ತೆರೆದರೆ ಎರಡೂ ಬದಿಗೆ ಕಾಣುವ ಸಸ್ಪೆನ್ಶನ್ ಟವರ್. ಮೇಲ್ಮೈಯಲ್ಲಿ ಕೆಂಪು ಪುಡಿ ಮಾತ್ರ ಬಂದರೆ ಹೆದರಬೇಕಾಗಿಲ್ಲ. ತುದಿ ಒಳಹೊಕ್ಕರೆ, ಪದರ ಪದರವಾಗಿ ಎದ್ದು ಬಂದರೆ, ಅದು ಚೌಕಟ್ಟಿನಲ್ಲಾಗಲಿ ಬ್ರೇಕ್ ಪೈಪಿನಲ್ಲಾಗಲಿ, ಕಾರು ಎಷ್ಟೇ ಹೊಳೆಯುತ್ತಿರಲಿ, ಬಿಟ್ಟುಬಿಡಿ. ಸೈಲೆನ್ಸರ್ ತೂತಾಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು, ಅದನ್ನು ಬದಲಿಸಿದರೆ ಮುಗಿಯಿತು.

ತಳಕ್ಕೆ ಈಚೆಗಷ್ಟೇ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಅದನ್ನು ಸಂಶಯದಿಂದಲೇ ನೋಡಿ. ಹೊಸ ಕಾರಿಗೆ ಹೊಡೆಸಿದರೆ ಅದು ರಕ್ಷಣೆ. ತುಕ್ಕು ಹಿಡಿದ ಮೇಲೆ ಹೊಡೆದರೆ ಉಪ್ಪು, ತೇವ ಎರಡೂ ಒಳಗೇ ಸಿಕ್ಕಿಬಿದ್ದು ತಗಡನ್ನು ಇನ್ನೂ ಬೇಗ ತಿನ್ನುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಬಾಡಿಯ ಮೇಲಿನ ಪೈಂಟಿಗೆ ದಪ್ಪ ಅಳೆಯುವ ಮೀಟರ್ ಬಳಸಿ. ಕಂಪನಿಯ ಪೈಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ. 200 ದಾಟಿದರೆ ಮತ್ತೆ ಪೈಂಟ್ ಆಗಿದೆ, 400ರ ಮೇಲಿದ್ದರೆ ಒಳಗೆ ಪುಟ್ಟಿ ಇದೆ. ಒಂದು ಬಂಪರ್, ಒಂದು ಬಾಗಿಲು ಪೈಂಟ್ ಆಗಿದ್ದರೆ ಇಲ್ಲಿನ ಇಕ್ಕಟ್ಟು ರಸ್ತೆಗಳಲ್ಲಿ ಅದು ಸಹಜ. ಛಾವಣಿ, ಬಾಗಿಲ ಚೌಕಟ್ಟಿನ ಕಂಬಗಳು ಪೈಂಟ್ ಆಗಿದ್ದರೆ ದೊಡ್ಡ ಅಪಘಾತದ ಗುರುತು. ಮಳೆಯಲ್ಲಿ ಒದ್ದೆಯಾದ ಕಾರಿನ ಪೈಂಟ್ ನೋಡಿ ಏನೂ ತಿಳಿಯದು, ಒರೆಸಿಸಿ ಬೆಳಕಿನಲ್ಲಿ ನೋಡಿ.

ಎ.ಸಿ.ಯನ್ನು ಕನಿಷ್ಠ 20 ನಿಮಿಷ ಓಡಿಸಿ. ಕರಾವಳಿಯ ಗಾಳಿಗೆ ಮುಂದಿನ ಕಂಡೆನ್ಸರಿನ ಅಲ್ಯೂಮಿನಿಯಂ ಸವೆದು ಗ್ಯಾಸ್ ಸೋರುತ್ತದೆ. ಮಾರುವ ಮುನ್ನ ಗ್ಯಾಸ್ ತುಂಬಿಸಿದರೆ ಕೆಲವು ವಾರ ತಣ್ಣಗೇ ಇರುತ್ತದೆ. ಸೋರಿಕೆ ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿದ್ದರೆ ಎಷ್ಟೋ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಇತ್ತೀಚೆಗೆ ಗ್ಯಾಸ್ ತುಂಬಿಸಿದ್ದರೆ ಬಿಲ್ ತೋರಿಸಿ ಎಂದು ನೇರವಾಗಿ ಕೇಳಿ.

ಕ್ಲಚ್ ಪರೀಕ್ಷೆಗೆ ಸಮತಟ್ಟು ರಸ್ತೆ ಸಾಲದು. ಉಡುಪಿಯವರಾದರೆ ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ, ಮಂಗಳೂರಿನಲ್ಲಾದರೆ ಕದ್ರಿ ಏರಿನಲ್ಲಿ ನಾಲ್ಕು ಜನ ಕೂತು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಆಟೊಮ್ಯಾಟಿಕ್ ಆದರೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ನಡುಗಿದರೆ ಕೊಳ್ಳಬೇಡಿ.

ಟಯರಿನ ಬದಿಯ ನಾಲ್ಕಂಕಿ ತಯಾರಿಯ ವಾರ ಮತ್ತು ವರ್ಷ ಹೇಳುತ್ತದೆ, 2321 ಎಂದರೆ 2021ರ 23ನೇ ವಾರ. ಮೀಟರ್ 25 ಸಾವಿರ ಕಿ.ಮೀ. ತೋರಿಸಿ ಕ್ಲಚ್ ಪೆಡಲ್ಲಿನ ರಬ್ಬರ್ ನುಣುಪಾಗಿದ್ದರೆ ಕಂಪನಿ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಕಿ.ಮೀ. ತಾಳೆ ನೋಡಿ.

ಮುಳುಗಿದ ಕಾರಿನ ಗುರುತು

ಚೆನ್ನೈ, ಮುಂಬಯಿ, ಕೇರಳ ಎಲ್ಲ ಕಡೆಯೂ ನೆರೆ ಬಂದು ಹೋಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಕಾರುಗಳು ಮುಳುಗಿದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಮ್ಯಾಟ್ ಎತ್ತಿ, ಸೀಟಿನ ಹಳಿಗಳಲ್ಲಿ ತುಕ್ಕು ಇದೆಯೇ ನೋಡಿ. ವೈರ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಂಡರೆ ಆ ಕಾರು ಬೇಡ, ಇಲೆಕ್ಟ್ರಿಕಲ್ ತೊಂದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತದೆ.

ಇಷ್ಟು ಎಚ್ಚರ ವಹಿಸಿದರೆ, ಹೆಚ್ಚಿನವರು ಯೋಚಿಸದ ನಾಲ್ಕನೆಯ ದಾರಿಯೇ ಎಲ್ಲಕ್ಕಿಂತ ಮೇಲು: ಬೆಂಗಳೂರು, ಮೈಸೂರು, ಹಾಸನ, ಶಿವಮೊಗ್ಗದ ಕಾರು. ಕರ್ನಾಟಕದ ತೆರಿಗೆ ಕಟ್ಟಿಯಾಗಿದೆ, ಉಪ್ಪುಗಾಳಿ ತಾಗಿಲ್ಲ, ನಂಬರ್ ಬದಲಾಗುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸವೆದ ಕ್ಲಚ್ಚಿಗೆಂದು ಸ್ವಲ್ಪ ಹಣ ತೆಗೆದಿಡಿ.

ಡೀಲರ್, ಕಾಗದ, ಒಟಿಪಿ

2023ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಹಳೆ ವಾಹನಗಳ ಡೀಲರ್ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು. ಮಾಲೀಕ ಕಾರನ್ನು ಡೀಲರಿಗೆ ಒಪ್ಪಿಸಿದಾಗ ಫಾರಂ 29ಸಿ ಮೂಲಕ ತಿಳಿಸಬೇಕು. ಅಲ್ಲಿಂದಾಚೆ ಮಾರುವವರೆಗೆ ಹೊಣೆ ಡೀಲರಿನದ್ದು. ಈ ಕಾಗದ ತೋರಿಸುವ ಡೀಲರಿಗೆ ಹತ್ತು, ಹದಿನೈದು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ವಾರಂಟಿ ಕೊಡುತ್ತೇನೆ ಎಂದರೆ ಎಂಜಿನ್, ಗೇರ್‌ಬಾಕ್ಸ್, ಎ.ಸಿ. ಯಾವುದು ಸೇರಿದೆ, ಎಷ್ಟು ತಿಂಗಳು, ಬಿಡಿಭಾಗದ ಹಣ ಯಾರದ್ದು ಎಂದು ಬರಹದಲ್ಲಿ ಪಡೆಯಿರಿ.

ನಮ್ಮ ಕಡೆ ಪದೇ ಪದೇ ಸಿಕ್ಕುಬೀಳುವ ಒಂದು ಸಂದರ್ಭವಿದೆ. ಕಾರು ಇಲ್ಲಿ, ಮಾಲೀಕ ಗಲ್ಫ್‌ನಲ್ಲಿ. ಸಹಿ ಮಾಡಿಟ್ಟ ಫಾರಂ 29, 30 ಇವೆ ಎಂದು ತಂದೆ ಅಥವಾ ತಮ್ಮ ತೋರಿಸುತ್ತಾರೆ. ಆನ್‌ಲೈನ್ ಅರ್ಜಿಗೆ ಮಾಲೀಕರ ಮೊಬೈಲಿಗೆ ಒಟಿಪಿ ಹೋಗುತ್ತದೆ. ಊರಿನ ಸಿಮ್ ಬಂದ್ ಆಗಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಹಣ ಕೊಡುವ ಮುಂಚೆಯೇ ಆ ನಂಬರಿಗೆ ಕರೆ ಮಾಡಿ ನೋಡಿ. ಸಿಮ್ ಇಲ್ಲದಿದ್ದರೆ ಮೊದಲು ನಂಬರ್ ಬದಲಿಸಿಕೊಡಲಿ. ಮನೆಯವರು ಮಾರುವುದಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಇರಲಿ.

ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ಬಾಕಿ ಚಲನ್, ಎಚ್‌ಪಿ, ಬ್ಲ್ಯಾಕ್‌ಲಿಸ್ಟ್ ಮೂರನ್ನೂ ನೋಡಿ, ಚಾಸಿ ನಂಬರನ್ನು ಕಾರಿನ ಮೇಲಿನ ಅಚ್ಚಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಮಾಲೀಕತ್ವ ಬದಲಾವಣೆಗೆ 30 ದಿನಗಳೊಳಗೆ ಅರ್ಜಿ ಹಾಕಬೇಕು. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸದಿದ್ದರೆ ಕಾರಿಗೆ ಆದ ಹಾನಿಗೆ ಹಣ ಸಿಗುವುದು ಕಷ್ಟ. ಕ್ಲೇಮ್ ಮಾಡದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಹಳೆ ಮಾಲೀಕರದ್ದು, ಅದರ ವ್ಯತ್ಯಾಸದ ಹಣವನ್ನು ನೀವು ತುಂಬಬೇಕು.

ಕೀಲಿ ಪಡೆಯುವಾಗ ದಿನಾಂಕ ಮಾತ್ರವಲ್ಲ, ಗಂಟೆಯನ್ನೂ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ. ಅದೇ ದಿನ ಬೆಳಗಿನ ಕ್ಯಾಮೆರಾ ದಂಡ ಯಾರದ್ದೆಂಬ ಜಗಳ ಬರುವುದಿಲ್ಲ. ಎರಡನೇ ಕೀಲಿ, ಜಾಕ್, ಸರ್ವಿಸ್ ಪುಸ್ತಕ ಕೇಳಿ ಪಡೆಯಿರಿ. ಗಾಜಿನ ಮೇಲಿನ ಹಳೆ ಫಾಸ್ಟ್ಯಾಗ್ ಅವರ ಖಾತೆಯದ್ದು, ಮುಚ್ಚಿಸಲು ಹೇಳಿ ಹೊಸದು ಹಾಕಿಸಿದ ಮೇಲೆ ತಲಪಾಡಿ, ಹೆಜಮಾಡಿ, ಸಾಸ್ತಾನದ ಟೋಲ್ ದಾಟಿ.